ಒಂಬತ್ತನೇ ಕಂತು

ಎಂಟು ಗುರುವಾರ ಬಂತು. ಒಂಬತ್ತನೆಯದಕ್ಕೆ ಬರಲಿಲ್ಲ.
ಗುತ್ತಲು ರಸ್ತೆಯ ನಮ್ಮ ವಠಾರದಲ್ಲಿ
ಇದ್ದ ಒಂದೇ ಟೀವಿಯ ಮುಂದೆ
ಹದಿನಾಲ್ಕು ಜನ ಕೂತಿದ್ದೆವು.
ಚನ್ನಾಜಮ್ಮನ ಮಡಿಲಲ್ಲಿ ಬಿಡಿಸದ ಅವರೆಕಾಯಿ,
ಕಡ್ಡಿ ಮುರಿದ ಆಂಟೆನಾ ಹಿಡಿದು
ಹೆಂಚಿನ ಮೇಲೆ ಬೋರಲಿಂಗ.
"ಬಂತೇನ್ರೋ?"
"ಇಲ್ಲ ಕಣ್ಲಾ, ಇನ್ನೊಸಿ ತಿರುಗ್ಸು."
ಬಂದದ್ದು ಅಡುಗೆ ಎಣ್ಣೆಯವರ ರಸಪ್ರಶ್ನೆ.
ಪಾಪ, ಅವನಿಗೇನು ಗೊತ್ತು,
ಬೆಂಗಳೂರ ಕಡೆ, ಮೈಸೂರ ಕಡೆ ತಿರುಗಿಸಿ
ಕೊನೆಗೆ ನೆಟ್ಟಗೆ ಆಕಾಶಕ್ಕೇ ಎತ್ತಿ ಹಿಡಿದು
ನಿಂತೇ ಇದ್ದ.

'ಏಳನೇ ಕಕ್ಷೆ' ಅಂತ ಹೆಸರು.
ಈಗ ನೋಡಿದರೆ ನನ್ನ ಮಗಳು ನಕ್ಕಾಳು.
ಅಂತರಿಕ್ಷ ನೌಕೆಯೆಂದರೆ
ಆ ವರ್ಷ ಕಬ್ಬು ಅರೆಯದೆ ನಿಂತಿದ್ದ ಕಾರ್ಖಾನೆಯ ಬಾಯ್ಲರ್ ಮನೆ.
ಯಾತ್ರಿಗಳ ಅಂಗಿ ಪೇಟೆಬೀದಿಯ ಟೈಲರ್ ಹೊಲಿದದ್ದು,
ಬೆಳ್ಳಿಬಣ್ಣದ ಕೊಡೆಬಟ್ಟೆಯಲ್ಲಿ.
ಶನಿಯ ಬಳೆ ಒಂದು ಇಡ್ಲಿತಟ್ಟೆ,
ಗ್ರಹ ಹತ್ತಿರ ಬಂದಾಗ ತೂತು ಕಾಣುತ್ತಿತ್ತು.
ಕಂಡರೂ ನಾವು ಉಸಿರು ಬಿಡುತ್ತಿರಲಿಲ್ಲ.
ಯಾಕೆಂದರೆ ಅಲ್ಲಿ, ಅಷ್ಟು ದೂರದಲ್ಲಿ,
ಒಬ್ಬ ಎಂಜಿನ್ ರಿಪೇರಿಯವನು ಬೆವರು ಒರೆಸಿಕೊಂಡು
"ಇಂಧನ ತೀರೋಯ್ತಲ್ಲ ಕ್ಯಾಪ್ಟನ್ರೇ, ಏನ್ ಮಾಡಾದೀಗ?" ಅಂದ.
ನಕ್ಷತ್ರಗಳ ನಡುವೆಯೂ
ನಮ್ಮ ಬೀದಿಯ ಮಾತು ಬಾಳುತ್ತದೆಂದು
ಅವತ್ತೇ ನಮಗೆ ತಿಳಿದದ್ದು.

ಎಂಟನೆಯ ಕಂತಿನ ಕೊನೆಗೆ
ಪೈಲಟ್ ಇಳಾ, ಯಾರದೋ ಅನಾಥ ನೌಕೆಯಲ್ಲಿ,
ಕಬ್ಬಿಣದ ಬಾಗಿಲಿಗೆ ಕಿವಿಯಿಟ್ಟಳು.
ಒಳಗಿನಿಂದ ಮೂರು ಸಲ ಬಡಿದ ಸದ್ದು.
ಅವಳು ಹಿಡಿಗೆ ಕೈ ಹಾಕಿದಳು.
ಸಶೇಷ.

ಮೂವತ್ತೊಂದು ವರ್ಷ ಆಯಿತು ಆ ಪದಕ್ಕೆ.

ಆ ಕಾಲದ ಬೇರೆ ಧಾರಾವಾಹಿಗಳು ಮುಗಿದವು.
ಮದುವೆಯಾದವು, ಆಸ್ತಿ ಪಾಲಾಯಿತು,
ಸೊಸೆ ಒಳ್ಳೆಯವಳೆಂದು ಅತ್ತೆಗೆ ಗೊತ್ತಾಯಿತು.
ಒಂದರ ಹೆಸರೂ ನೆನಪಿಲ್ಲ.
ಇದು ಮಾತ್ರ ಹಲ್ಲಿನ ಸಂದಿಯ ಕಬ್ಬಿನ ನಾರು,
ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಬೋರಲಿಂಗ ಈಗ ಲೈನ್‌ಮನ್.
ಕಂಬದ ಮೇಲಿಂದಲೇ ಕೂಗುತ್ತಾನೆ:
"ಅವಳ ಅಣ್ಣನೇ ಕಣಕ್ಕ ಒಳಗಿದ್ದುದ್ದು,
ಮೂರನೇ ಕಂತಲ್ಲಿ ಕಾಣೆಯಾದನಲ್ಲ, ಅವನು."
ಚನ್ನಾಜಮ್ಮ ಒಪ್ಪಲೇ ಇಲ್ಲ, ಆಸ್ಪತ್ರೆಯ ಮಂಚದಲ್ಲೂ:
"ಹೊತ್ತಲ್ಲದ ಹೊತ್ನಲ್ಲಿ ಬಡಿಯೋರ್ಗೆ ಬಾಗ್ಲು ತಗೀಬಾರ್ದು.
ನಾಳೆ ಬಾ ಅಂತ ಬರೀಬೇಕಿತ್ತು, ಆ ಹುಡುಗಿ."
ಬರೆದದ್ದು ಟೀವಿಯವರು, ಅಜ್ಜಿ,
ನಮ್ಮ ಹದಿನಾಲ್ಕೂ ಜನರ ಹಣೆಯ ಮೇಲೆ.

ಕಳೆದ ಆಷಾಢದಲ್ಲಿ ಒತ್ತೆಯಿಟ್ಟ ಸರ ಬಿಡಿಸಲು
ಸಹಕಾರಿ ಬ್ಯಾಂಕಿಗೆ ಹೋದೆ.
"ಟೋಕನ್ ನಲವತ್ತೊಂದು."
ಆ ದನಿ.
ನರೆತ ಕೂದಲು, ಮೂಗಿನ ತುದಿಗೆ ಕನ್ನಡಕ,
ಚಿನ್ನದ ತಕ್ಕಡಿಯ ಮೇಲೆ ಬಗ್ಗಿದ್ದಾಳೆ, ಇಳಾ.
ಕೇಳಬಾರದೆಂದುಕೊಂಡೇ ಕೇಳಿದೆ.
ನಕ್ಕಳು.
"ಬಾಗಿಲ ಹಿಂದೆ ವಾಚ್‌ಮನ್ ಸೈಕಲ್ ಇತ್ತು ಕಣ್ರೀ.
ಒಂದು ಮೂಟೆ ಸುಣ್ಣ. ಬಡಿದವನು ಲೈಟ್ ಹುಡುಗ.
ಮೂರು ಸಲ ಅಂದರೆ ಐದು ಸಲ ಬಡಿದು
ಬೈಸಿಕೊಂಡಿದ್ದ."

ರಸೀದಿ ಬರೆದಳು. ಸರ ತೂಗಿದಳು.
ಕೊಡಲಿಲ್ಲ.
ಅಂಗೈಯಲ್ಲೇ ಇಟ್ಟುಕೊಂಡು, ದನಿ ತಗ್ಗಿಸಿ,
"ಕನಸಲ್ಲಿ ಎಷ್ಟು ಸಲ ತೆಗೆದಿದ್ದೀನಿ ಗೊತ್ತಾ,
ಹಾಳಾದ ಸೈಕಲ್ಲೇ ಇರುತ್ತೆ.
ನೀವು ಏನಂದುಕೊಂಡಿದ್ರಿ?"

ನನ್ನ ಹಿಂದೆ ನಲವತ್ತೆರಡು ಕೆಮ್ಮಿತು.
ನಲವತ್ಮೂರು ಗಡಿಯಾರ ನೋಡಿತು.
ಅವಳು 'ಊಟದ ವಿರಾಮ' ಎಂಬ ಹಲಗೆಯನ್ನು
ಅವರ ಕಡೆಗೆ ತಿರುಗಿಸಿಟ್ಟು
ಸ್ಟೂಲನ್ನು ಮುಂದಕ್ಕೆಳೆದುಕೊಂಡಳು.

"ಹೂಂ, ಬಾಗಿಲು ತೆಗೀತು ಅಂತಿಟ್ಕೊಳ್ಳಿ.
ಆಮೇಲೆ?"